ಲಿನಕ್ಸ್ ಎಂಬ ಹೆಸರಿನ ಜಗಳ

ಕಂಪ್ಯೂಟರಿನ ಗಂಧ ಅಷ್ಟಾಗಿ ಇಲ್ಲದವರ ಕಿವಿಗೂ ಲಿನಕ್ಸ್ ಎಂಬ ಹೆಸರು ಬಿದ್ದಿರುತ್ತದೆ. ಆ ಹೆಸರು ಅರ್ಧಸತ್ಯ ಎಂದು ತೊಂಬತ್ತರ ದಶಕದಿಂದ ಹಟ ಹಿಡಿದು ಹೇಳುತ್ತ ಬಂದವರು ಅಮೆರಿಕದ ರಿಚರ್ಡ್ ಸ್ಟಾಲ್ಮನ್. ಹಟಮಾರಿಯ ಮಾತೆಂದು ನಕ್ಕು ಸುಮ್ಮನಾದವರೇ ಹೆಚ್ಚು. ಆದರೆ ಇತಿಹಾಸ ಅವರ ಕಡೆಗಿದೆ.

ಯಾರು ಬೇಕಾದರೂ ಬಳಸಬಹುದಾದ, ಬಿಚ್ಚಿ ನೋಡಬಹುದಾದ, ತಿದ್ದಿ ಹಂಚಬಹುದಾದ ಒಂದು ಇಡೀ ಆಪರೇಟಿಂಗ್ ಸಿಸ್ಟಂ ಕಟ್ಟುತ್ತೇನೆಂದು ಸ್ಟಾಲ್ಮನ್ ಸಾರಿದ್ದು 1983ರ ಸೆಪ್ಟೆಂಬರಿನಲ್ಲಿ. ಅದಕ್ಕೆ ಇಟ್ಟ ಹೆಸರು ಗ್ನೂ. ಅದಕ್ಕಾಗಿ 1984ರ ಜನವರಿಯಲ್ಲಿ ಎಂಐಟಿಯ ನೌಕರಿಯನ್ನೂ ಬಿಟ್ಟರು. ಬರೆಯಲು ಈಮ್ಯಾಕ್ಸ್, ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸಲು ಜಿಸಿಸಿ, ಆಜ್ಞೆ ಕೊಡಲು ಬ್ಯಾಶ್, ಹೀಗೆ ಒಂದೊಂದೇ ಭಾಗ ಸಿದ್ಧವಾಯಿತು. ಪಡೆದವನು ಮುಂದಿನವನಿಗೂ ಅದೇ ಸ್ವಾತಂತ್ರ್ಯ ಕೊಡಬೇಕೆಂಬ ಜಿಪಿಎಲ್ ಎಂಬ ಪರವಾನಗಿ 1989ರಲ್ಲಿ ಬಂತು. ಉಳಿದಿದ್ದ ದೊಡ್ಡ ಕೊರತೆಯೆಂದರೆ ಕರ್ನಲ್, ಅಂದರೆ ಯಂತ್ರಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ಮಾಡಿಸುವ ತಿರುಳು.

ಅದನ್ನು ತುಂಬಿದವನು 21 ವರ್ಷದ ಹುಡುಗ. ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಒಂದು ಕರ್ನಲ್ ಬರೆದ. ಫ್ರೀಯಾಕ್ಸ್ ಎಂದು ಕರೆಯಬೇಕೆಂದುಕೊಂಡಿದ್ದ. ಅದನ್ನು ಹಂಚಿಕೆಗೆ ಇಟ್ಟ ಆರಿ ಲೆಮ್ಕೆಗೆ ಆ ಹೆಸರು ಹಿಡಿಸದೆ ಲಿನಕ್ಸ್ ಎಂದು ಬರೆದುಬಿಟ್ಟರು! 1992ರಲ್ಲಿ ಟೊರ್ವಾಲ್ಡ್ಸ್ ಅದನ್ನು ಜಿಪಿಎಲ್ ಅಡಿಗೆ ತಂದ. ಗ್ನೂ ಭಾಗಗಳಿಗೆ ಈ ಕರ್ನಲ್ ಕೂಡಿಕೊಂಡು ಇಡೀ ವ್ಯವಸ್ಥೆ ನಡೆಯತೊಡಗಿತು. ಜನ ಎಲ್ಲವನ್ನೂ ಸೇರಿಸಿ ಲಿನಕ್ಸ್ ಎಂದರು.

ಗ್ನೂ/ಲಿನಕ್ಸ್ ಎನ್ನಿ ಎಂಬುದು ಸ್ಟಾಲ್ಮನ್ ಬೇಡಿಕೆ. ಡೆಬಿಯನ್ ಬಳಗ 1994ರಲ್ಲೇ ಹಾಗೆ ಬರೆಯಿತು. 1996ರಲ್ಲಿ ಅವರು 'ಲಿಗ್ನಕ್ಸ್' ಎಂಬ ವಿಚಿತ್ರ ಹೆಸರನ್ನೂ ತೂರಿ ನೋಡಿದರು, ಅದು ನಿಲ್ಲಲಿಲ್ಲ. ಗ್ನೂ ಹೆಸರಿನಲ್ಲಿ ಹಂಚುವವರು ಹಾಗೆ ಕರೆದುಕೊಳ್ಳಲಿ, ಎಲ್ಲಾ ಲಿನಕ್ಸನ್ನೂ ಹಾಗೆ ಕರೆಯುವುದು ಹಾಸ್ಯಾಸ್ಪದ ಎಂಬರ್ಥದ ಮಾತನ್ನು ಟೊರ್ವಾಲ್ಡ್ಸ್ 2001ರ ಸಾಕ್ಷ್ಯಚಿತ್ರವೊಂದರಲ್ಲಿ ಆಡಿದರು.

ಹೆಸರು ಸೇರಿಸುತ್ತ ಹೋದರೆ ಎಲ್ಲಿ ನಿಲ್ಲಿಸುವುದು? ಪರದೆಯ ಕಿಟಕಿಗಳನ್ನು ತೋರಿಸುವ ಎಕ್ಸ್ ಬಂದದ್ದು ಎಂಐಟಿಯಿಂದ, ಟೆಕ್ ಬಂದದ್ದು ಡೊನಾಲ್ಡ್ ಕನೂತ್ ಅವರಿಂದ. ಗ್ನೂವಿನ ಬ್ಯಾಶ್ ಬರೆದದ್ದೂ ಸ್ಟಾಲ್ಮನ್ ಅಲ್ಲ, ಬ್ರಯಾನ್ ಫಾಕ್ಸ್. ಸ್ಟಾಲ್ಮನ್ ಉತ್ತರ ಇಷ್ಟು: ಉಳಿದವರು ಬಿಡಿಭಾಗ ಮಾಡಿದರು, ಇಡೀ ವ್ಯವಸ್ಥೆಯನ್ನು ಸ್ವಾತಂತ್ರ್ಯಕ್ಕಾಗಿಯೇ ಕಟ್ಟಹೊರಟದ್ದು ಗ್ನೂ, ಹೆಸರು ಮರೆತರೆ ಉದ್ದೇಶವೂ ಮರೆಯುತ್ತದೆ. ಈ ಭಯ ಸುಳ್ಳಲ್ಲವೆಂದೇ ನಮ್ಮ ಭಾವನೆ. ಲಿನಕ್ಸ್ ಎಂದಾಗ ಒಬ್ಬ ಹುಡುಗನ ಹವ್ಯಾಸದ ಕತೆ ನೆನಪಾಗುತ್ತದೆ, ಅದಕ್ಕೆ ಮುಂಚಿನ ಎಂಟು ವರ್ಷಗಳ ದುಡಿಮೆ ಹೂತುಹೋಗುತ್ತದೆ.

ಆದರೆ ಇದೇ ಸ್ಟಾಲ್ಮನ್ ಹೆಸರಿನ ಕಡ್ಡಾಯವನ್ನು ವಿರೋಧಿಸಿದವರೂ ಹೌದು. ಬರ್ಕ್ಲಿಯ ಬಿಎಸ್‌ಡಿ ಪರವಾನಗಿಯಲ್ಲಿ, ಜಾಹೀರಾತು ಕೊಟ್ಟಾಗಲೆಲ್ಲ ವಿಶ್ವವಿದ್ಯಾಲಯದ ಹೆಸರು ಹೇಳಬೇಕೆಂಬ ಷರತ್ತಿತ್ತು. ಅದನ್ನು ನೋಡಿ ಮಿಕ್ಕವರೂ ತಮ್ಮ ತಮ್ಮ ಹೆಸರು ಸೇರಿಸಿದರು. 1997ರ ನೆಟ್‌ಬಿಎಸ್‌ಡಿಯಲ್ಲಿ ಇಂಥ 75 ವಾಕ್ಯಗಳನ್ನು ಸ್ಟಾಲ್ಮನ್ ಎಣಿಸಿದರು. 1999ರಲ್ಲಿ ವಿಶ್ವವಿದ್ಯಾಲಯ ಷರತ್ತು ಕೈಬಿಟ್ಟಿತು. ಹೆಸರನ್ನು ಕೇಳಬಹುದು, ಕಾನೂನಿನಿಂದ ಹೇಳಿಸಬಾರದು ಎಂಬ ಈ ಗೆರೆಯನ್ನು ಅವರು ದಾಟಲಿಲ್ಲ. ಗ್ನೂ/ಲಿನಕ್ಸ್ ವಿನಂತಿಯಾಗಿಯೇ ಉಳಿದು ಸೋತದ್ದಕ್ಕೆ ಇದೂ ಒಂದು ಕಾರಣ.

ಟೊರ್ವಾಲ್ಡ್ಸ್ ಬಳಗಕ್ಕೆ ಹೆಸರಿನ ಬಿಸಿ ಮುಟ್ಟಿದ್ದು ಬೇರೆ ದಾರಿಯಿಂದ. 2003ರಲ್ಲಿ ಎಸ್‌ಸಿಒ ಎಂಬ ಕಂಪನಿ, ತನ್ನ ಯುನಿಕ್ಸ್ ಸಾಲುಗಳು ಲಿನಕ್ಸ್‌ಗೆ ನುಸುಳಿವೆಯೆಂದು ಐಬಿಎಂ ಮೇಲೆ ದಾವೆ ಹೂಡಿತು. ಯಾವ ಸಾಲು ಯಾರ ಕೈಯಿಂದ ಬಂತೆಂದು ತೋರಿಸಬೇಕಾದ ಹೊತ್ತು. 2004ರಿಂದ ಪ್ರತಿ ತಿದ್ದುಪಡಿಯ ಕೆಳಗೂ ಬರೆದವರ ಹೆಸರು, ಅದನ್ನು ಮುಂದಿನವರಿಗೆ ದಾಟಿಸಿದ ಒಬ್ಬೊಬ್ಬರ ಹೆಸರು ಸಾಲಾಗಿ ಬರತೊಡಗಿದವು. ಹದೀಸ್ ಓದಿದವರಿಗೆ ಇದು ಹೊಸದೆನಿಸದು. ಯಾರು ಯಾರಿಂದ ಕೇಳಿದರು ಎಂಬ ಸರಪಳಿ, ಇಸ್ನಾದ್, ಇಲ್ಲದ ಮಾತನ್ನು ಮುಹದ್ದಿಸರು ಒಪ್ಪುತ್ತಿರಲಿಲ್ಲ. ಅಲ್ಲಿಯೂ ಹೆಸರು ಬಿರುದಾಗಿರಲಿಲ್ಲ, ಹೊಣೆಯಾಗಿತ್ತು.

ಕರ್ನಲ್ಲಿನ ಜೊತೆ ಕ್ರೆಡಿಟ್ಸ್ ಎಂಬ ಒಂದು ಕಡತವೂ ಇದೆ. ದುಡಿದವರ ಹೆಸರು, ಮಾಡಿದ ಕೆಲಸ ಅಲ್ಲಿವೆ. ಈ ಪಟ್ಟಿ ಪೂರ್ತಿಯಲ್ಲ ಎಂದು ಅದರ ಮೊದಲ ಮಾತೇ ಒಪ್ಪಿಕೊಳ್ಳುತ್ತದೆ. ಹೆಸರುಗಳಿರುವುದು ಅಕಾರಾದಿಯಲ್ಲಿ. ಇಡೀ ವ್ಯವಸ್ಥೆಗೆ ಹೆಸರು ಕೊಟ್ಟ ಟೊರ್ವಾಲ್ಡ್ಸ್ ಅಲ್ಲಿ ತಮ್ಮ ಸರದಿ ಬಂದಾಗ, ಟಿ ಅಕ್ಷರದ ಕೆಳಗೆ, ನಾಲ್ಕಾರು ಸಾಲುಗಳಲ್ಲಿ ಸಿಗುತ್ತಾರೆ.