ದೋಣಿಗೆ ತೂತು ಕೊರೆಯದೆ ಫಿಶ್ ಫೈಂಡರ್ ಕೂರಿಸಬಹುದೇ?

'ಟ್ರಾನ್ಸ್‌ಡ್ಯೂಸರನ್ನು ಒಳಗೇ ಅಂಟಿಸಿ, ಯಾವ ದೋಣಿಗಾದರೂ ಆಗುತ್ತದೆ' ಎಂಬ ಮಾತು ಅರ್ಧ ಮಾತ್ರ ನಿಜ. ಗಟ್ಟಿ ಫೈಬರ್ ತಳಕ್ಕೆ ಹೌದು, ಮರದ ಅಥವಾ ಕಬ್ಬಿಣದ ತಳಕ್ಕೆ ಬೇಡ ಎನ್ನುತ್ತೇವೆ ನಾವು.

ಟ್ರಾನ್ಸ್‌ಡ್ಯೂಸರ್ ಕಳಿಸುವ ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡಿ, ಸಮುದ್ರದ ತಳಕ್ಕೆ ಬಡಿದು ಮರಳುತ್ತದೆ. ಹೋಗಿಬರುವ ಸಮಯದಿಂದ ಆಳದ ಲೆಕ್ಕ. ಈ ಶಬ್ದಕ್ಕೆ ಗಾಳಿಯೇ ಶತ್ರು. ಮರದ ಸಣ್ಣ ರಂಧ್ರಗಳಲ್ಲೂ ಫೋಮ್ ತುಂಬಿದ ತಳದಲ್ಲೂ ಅದು ಸೊರಗುತ್ತದೆ. ಮರಕ್ಕೆ ಫೈಬರ್ ಹೊದಿಸಿದ ದೋಣಿ ನೋಡಲಷ್ಟೇ ಫೈಬರ್. ಶಬ್ದದ ಪಾಲಿಗೆ ಮರವೇ.

ಅಂಟಿಸುವ ಮುನ್ನ ದೋಣಿಯೊಳಗೆ ತಳದಲ್ಲಿ ಸ್ವಲ್ಪ ನೀರು ಹಾಕಿ, ಟ್ರಾನ್ಸ್‌ಡ್ಯೂಸರನ್ನು ಅದರಲ್ಲಿ ಒತ್ತಿ ಹಿಡಿದು ಆಳ ನೋಡಿ. ಆಮೇಲೆ ಅದನ್ನೇ ಹೊರಗಿನ ನೀರಿಗೆ ಇಳಿಸಿ ನೋಡಿ. ಎರಡೂ ಹೊಂದಿದರೆ ಮಾತ್ರ ಜಾಗವನ್ನು ಉಜ್ಜಿ, ಒರೆಸಿ, ಎಪಾಕ್ಸಿ ಹಚ್ಚಿ, ಗುಳ್ಳೆಗಳೆಲ್ಲ ಹೊರಬರುವಂತೆ ತಿರುಗಿಸುತ್ತ ಒತ್ತಿ.

ಹೊನ್ನಾವರದವರಿಗೆ ಇದು ಬರೀ ಮೀನಿನ ಪ್ರಶ್ನೆಯಲ್ಲ. ಶರಾವತಿಯ ಅಳಿವೆಯಲ್ಲಿ ಹೂಳು ತುಂಬಿ ಬೋಟುಗಳು ಮರಳಿಗೆ ತಾಗಿದ್ದುಂಟು. ಪರದೆ ತೋರುವುದು ಟ್ರಾನ್ಸ್‌ಡ್ಯೂಸರಿನಿಂದ ಕೆಳಗಿನ ಆಳ. ಎಂಜಿನ್ನಿನ ಫ್ಯಾನ್ ಅದಕ್ಕಿಂತ ಅರ್ಧ ಮೀಟರ್ ಕೆಳಗಿದ್ದರೆ, ಪರದೆಯಲ್ಲಿ 1.5 ಮೀಟರ್ ಕಂಡಾಗ ಫ್ಯಾನಿನ ಕೆಳಗೆ ಉಳಿದಿರುವುದು 1 ಮೀಟರ್ ಮಾತ್ರ.