ತುಕ್ಕಿನ ಕೆಳಗಿನ ಚರಿತ್ರೆ

ಹಳೆಯ ಪಿಕಪ್ ಲಾರಿಯೊಂದನ್ನು ಮನೆಯಂಗಳದಲ್ಲಿ ನಿಲ್ಲಿಸಿಕೊಂಡು, ರಜೆಯ ದಿನಗಳಲ್ಲಿ ತುಕ್ಕು ಕೆರೆದು, ಅದನ್ನು ಮತ್ತೆ ಓಡುವಂತೆ ಮಾಡುವ ಹವ್ಯಾಸ ಬಾಂದ್ರಾದಂಥ ಇಕ್ಕಟ್ಟಿನ ಉಪನಗರದಲ್ಲಿ ಸುಲಭಸಾಧ್ಯವಲ್ಲ. ಅಂಗಳವೇ ಅಪರೂಪ, ಇದ್ದರೂ ಕಡಲಿನ ಉಪ್ಪುಗಾಳಿ ಕೆರೆದ ತಗಡನ್ನು ಬೇಗನೆ ಮತ್ತೆ ಕೆಂಪಾಗಿಸುತ್ತದೆ. ಇದಕ್ಕಿಂತ ಕಠಿಣವಾದುದು ಇನ್ನೊಂದು ಪ್ರಶ್ನೆ: ಗಾಡಿಯನ್ನು ‘ಮೂಲರೂಪ’ಕ್ಕೆ ತರುವುದೆಂದರೆ ಯಾವ ರೂಪಕ್ಕೆ?

1928ರಲ್ಲಿ ಜನರಲ್ ಮೋಟರ್ಸ್ ಕಂಪನಿ ಮುಂಬಯಿಯ ಶಿವಡಿಯಲ್ಲಿ ಜೋಡಣಾ ಕಾರ್ಖಾನೆಯನ್ನು ತೆರೆಯಿತು. ಹೊರದೇಶದಿಂದ ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಇಲ್ಲಿನ ಕೈಗಳು ಜೋಡಿಸಿದವು. ಲಾರಿಯಾದರೆ ಎಷ್ಟೋ ಸಲ ಚಾಸಿ ಮಾತ್ರ ಮಾರಾಟವಾಗುತ್ತಿತ್ತು. ಸರಕು ತುಂಬುವ ಹಿಂಭಾಗವನ್ನು ಮರ, ತಗಡುಗಳಿಂದ ಕಟ್ಟುತ್ತಿದ್ದವರು ಸ್ಥಳೀಯ ಬಡಗಿಗಳು, ಕಮ್ಮಾರರು.

ಇಡೀ ವಾಹನವನ್ನೇ ಇಲ್ಲಿ ತಯಾರಿಸಬೇಕೆಂದು ಹಟ ಹಿಡಿದವರಲ್ಲಿ ನಮ್ಮ ವಿಶ್ವೇಶ್ವರಯ್ಯನವರು ಮುಖ್ಯರು. 1935ರಲ್ಲಿ ಯುರೋಪು, ಅಮೆರಿಕಗಳನ್ನು ಸುತ್ತಿಬಂದ ಅವರು ಮುಂಬಯಿಗಾಗಿ ಮೋಟಾರು ಕಾರ್ಖಾನೆಯ ಯೋಜನೆ ಸಿದ್ಧಪಡಿಸಿದರು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು. ಆದರೆ ಬೆಂಬಲವಾಗಿದ್ದ ಪ್ರಾಂತೀಯ ಕಾಂಗ್ರೆಸ್ ಸರಕಾರ 1939ರಲ್ಲಿ ರಾಜೀನಾಮೆ ನೀಡಿತು. ಬಳಿಕ ಮೈಸೂರು ಸಂಸ್ಥಾನದಲ್ಲಿ ಅದನ್ನು ನೆಲೆಗೊಳಿಸುವ ಪ್ರಯತ್ನಕ್ಕೆ ಬ್ರಿಟಿಷ್ ಭಾರತ ಸರಕಾರದ ಸಹಕಾರ ದೊರೆಯಲಿಲ್ಲ. ಅದೇ ವಾಲಚಂದ್ 1940ರಲ್ಲಿ ಮೈಸೂರು ಸರಕಾರದೊಡನೆ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿತು. ಬಾಂದ್ರಾದಿಂದ ಮೀಠಿ ನದಿಯನ್ನು ದಾಟಿದರೆ ಸಿಗುವ ಕುರ್ಲಾದಲ್ಲಿ ಅದರ ಕಾರ್ಖಾನೆ ಡಾಜ್, ಫಾರ್ಗೊ ಗಾಡಿಗಳನ್ನು ಹೊರತಂದಿತು.

ಹೀಗೆ ರಸ್ತೆಗಿಳಿದ ಲಾರಿಗಳು ದುಡಿದು ಸವೆದವು. ಪೆಟ್ರೋಲ್ ದುಬಾರಿಯೆನಿಸಿದಾಗ ಡೀಸೆಲ್ ಎಂಜಿನ್ ಕೂಡಿಸಿಕೊಂಡವು. ಆಮದು ನಿಂತಾಗ ಗುಜರಿಯ ಬಿಡಿಭಾಗ, ಲೇತಿನಲ್ಲಿ ಕಡೆದ ಭಾಗಗಳಿಂದ ಬದುಕಿದವು. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಬಿಡಿಭಾಗದ ಅಂಗಡಿಗಳು ಈ ಜಾಣ್ಮೆಯ ವಾರಸುದಾರರು.

ಕೇಂದ್ರ ಸರಕಾರದ 2021ರ ನಿಯಮಗಳು ಐವತ್ತು ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಗಳಿಗೆ ‘ವಿಂಟೇಜ್’ ಮನ್ನಣೆ ನೀಡುತ್ತವೆ. ಆದರೆ ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಅವುಗಳ ಬಳಕೆಗೆ ಅವಕಾಶವಿಲ್ಲ. ಗಾಡಿಖಾನೆಯಲ್ಲಿ ಮಲಗಿದ್ದ ಅರಸರ ಕಾರು ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಬದಲಾಗುತ್ತಲೇ ಬದುಕಿದ ಲಾರಿಗೆ ಅದು ಕಷ್ಟ. ಶ್ರೀಮಂತರ ವಾಹನ ಪರಂಪರೆಯಾಗಿ, ಮಾರುಕಟ್ಟೆಗೆ ತರಕಾರಿ ಹೊತ್ತ ವಾಹನ ಗುಜರಿಯಾಗಿ ಉಳಿಯುವುದು ಹೀಗೆ.

ಆದ್ದರಿಂದ ಗಾಡಿಗೆ ಮರುಜೀವ ಕೊಡುವವರಲ್ಲಿ ನಮ್ಮದೊಂದು ವಿನಂತಿ. ಹೊಸ ಬಣ್ಣ ಬಳಿಯುವ ಮೊದಲು ಹಳೆಯ ಪದರಗಳ ಛಾಯಾಚಿತ್ರ ತೆಗೆದಿಡಿ. ಚಾಸಿ, ಎಂಜಿನ್ ಸಂಖ್ಯೆಗಳನ್ನು ಬರೆದಿಡಿ. ಬಾಗಿಲ ಮೇಲಿನ ಮಾಲೀಕನ ಹೆಸರು ಅರ್ಧ ಅಳಿಸಿದ್ದರೂ ಹಾಗೆಯೇ ಬಿಡಿ. ಯಾವನೋ ಅನಾಮಧೇಯ ಮೇಸ್ತ್ರಿ ಹಾಕಿದ ತೇಪೆ ಗಟ್ಟಿಯಾಗಿದ್ದರೆ ಅದನ್ನು ಕೀಳಬೇಡಿ. ಅವನ ಕೆಲಸಕ್ಕೆ ಬೇರೆ ದಾಖಲೆಯಿಲ್ಲ.