ಮಾದರಿಗಳ ಎಣಿಕೆ, ಸಮುದಾಯದ ಪಾಲು: ಜೀನೋಮ್ ಸಂಶೋಧನೆಯಲ್ಲಿ ವೈವಿಧ್ಯದ ಚರಿತ್ರೆ

ರೋಗಕ್ಕೂ ವಂಶವಾಹಿಗೂ ಇರುವ ನಂಟನ್ನು ಹುಡುಕುವ ಜೀನೋಮ್ ಅಧ್ಯಯನಗಳಲ್ಲಿ ಯಾರ ರಕ್ತ ಸೇರಿದೆ ಎಂದು 2009ರಲ್ಲಿ ಅನ್ನಾ ನೀಡ್ ಮತ್ತು ಡೇವಿಡ್ ಗೋಲ್ಡ್‌ಸ್ಟೀನ್ ಎಣಿಸಿ ನೋಡಿದರು. ಪಾಲ್ಗೊಂಡವರಲ್ಲಿ ಶೇ. 96ರಷ್ಟು ಜನ ಯುರೋಪ್ ಮೂಲದವರು. 2016ರಲ್ಲಿ ಆಲಿಸ್ ಪೊಪೆಜಾಯ್ ಮತ್ತು ಸ್ಟೆಫನಿ ಫುಲ್ಲರ್ಟನ್ ಮತ್ತೆ ಎಣಿಸಿದಾಗ ಈ ಪ್ರಮಾಣ ಶೇ. 81ಕ್ಕೆ ಇಳಿದಿತ್ತು. ಇಳಿದದ್ದು ಹೆಚ್ಚಾಗಿ ಏಷ್ಯಾ ಮೂಲದವರ ಅಧ್ಯಯನಗಳು ಹೆಚ್ಚಿದ್ದರಿಂದ. ಆಫ್ರಿಕಾ ಮೂಲದವರ ಪಾಲು ಆಗಲೂ ಶೇ. 3ರ ಆಸುಪಾಸಿನಲ್ಲೇ ಇತ್ತು.

ಇದರಿಂದ ಆಗುವ ಹಾನಿ ಕಾಗದದ ಮೇಲಿನದಲ್ಲ. ಹೃದಯದ ಸ್ನಾಯು ದಪ್ಪಗಾಗುವ ಒಂದು ಆನುವಂಶಿಕ ಕಾಯಿಲೆಗೆ ಕಾರಣವೆಂದು ಗುರುತಿಸಿದ್ದ ಕೆಲವು ವಂಶವಾಹಿ ವ್ಯತ್ಯಾಸಗಳು ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ಸಾಮಾನ್ಯವಾಗಿ ಕಾಣುವ, ನಿರಪಾಯದ ವ್ಯತ್ಯಾಸಗಳೆಂದು 2016ರಲ್ಲಿ ಅರ್ಜುನ್ ಮನ್ರಾಯ್ ಮತ್ತು ಸಂಗಡಿಗರು ತೋರಿಸಿದರು. ಹೋಲಿಕೆಗೆಂದು ಆರಿಸಿದ ಆರೋಗ್ಯವಂತರ ಗುಂಪಿನಲ್ಲಿ ಕೆಲವೇ ಕರಿಯ ಅಮೆರಿಕನ್ನರಿದ್ದಿದ್ದರೂ ಸಾಕಿತ್ತು, ಅವು ರೋಗಕಾರಕವೆಂಬ ತಪ್ಪು ವರದಿಗಳು ಬಹುಶಃ ಹೊರಡುತ್ತಿರಲಿಲ್ಲ.

ಭಾರತದ ಕತೆ ಇನ್ನಷ್ಟು ತೊಡಕಿನದು. ಮನುಷ್ಯರ ವಂಶವಾಹಿ ವೈವಿಧ್ಯವನ್ನು ದಾಖಲಿಸಲು 2008ರಲ್ಲಿ ಶುರುವಾಗಿ 2015ರಲ್ಲಿ ಮುಗಿದ 1000 ಜೀನೋಮ್ಸ್ ಯೋಜನೆ 26 ಜನಸಮೂಹಗಳಿಂದ 2,504 ಜನರನ್ನು ಆರಿಸಿತು. ಅದರಲ್ಲಿ ದಕ್ಷಿಣ ಏಷ್ಯಾದ ಸಮೂಹಗಳು ಐದು: ಹ್ಯೂಸ್ಟನ್ನಿನ ಗುಜರಾತಿಗಳು, ಲಾಹೋರಿನ ಪಂಜಾಬಿಗಳು, ಬಾಂಗ್ಲಾದೇಶದ ಬಂಗಾಳಿಗಳು, ಬ್ರಿಟನ್ನಿನಲ್ಲಿರುವ ತೆಲುಗರು ಮತ್ತು ಶ್ರೀಲಂಕಾ ಮೂಲದ ತಮಿಳರು. ಭಾರತದ ನೆಲದಲ್ಲಿ ಒಂದು ಮಾದರಿಯನ್ನೂ ಪಡೆದಿರಲಿಲ್ಲ. ಪಟ್ಟಿಯಲ್ಲಿ ಕನ್ನಡಿಗರಿಲ್ಲ ಎಂದು ಕೊರಗುವುದು ಸುಲಭ. ಆದರೆ ಭಾಷೆಯ ಹೆಸರಿನಲ್ಲಿ ಗುಂಪು ಕಟ್ಟುವುದೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಪಟ್ಟಿಮಾಡಿದ ಸಮುದಾಯಗಳು 4,635. ಒಂದೇ ಬೀದಿಯಲ್ಲಿ ಒಂದೇ ಮಾತಾಡುವ ಎರಡು ಜಾತಿಗಳ ನಡುವೆ ನೂರಾರು ವರ್ಷಗಳಿಂದ ಹೆಣ್ಣು ಕೊಟ್ಟು ತರುವ ರೂಢಿ ಇಲ್ಲದಿದ್ದರೆ, ಅವುಗಳಲ್ಲಿ ಕಾಣುವ ಆನುವಂಶಿಕ ಕಾಯಿಲೆಗಳೂ ಬೇರೆ ಬೇರೆಯಾಗುತ್ತವೆ.

ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ಕೆ. ತಂಗರಾಜ್, ಹಾರ್ವರ್ಡಿನ ಡೇವಿಡ್ ರೈಕ್ ಮತ್ತಿತರರು 2017ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಅಂಕಿ ಒದಗಿಸಿತು. ದಕ್ಷಿಣ ಏಷ್ಯಾದ 263 ಗುಂಪುಗಳನ್ನು ಪರಿಶೀಲಿಸಿದಾಗ 81 ಗುಂಪುಗಳಲ್ಲಿ, ಕೆಲವೇ ಪೂರ್ವಜರಿಂದ ಇಡೀ ಸಮುದಾಯ ಬೆಳೆದ ಗುರುತು, ಫಿನ್ಲೆಂಡಿನವರಿಗಿಂತ ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತ ಗಾಢವಾಗಿತ್ತು. ಇಂಥ ಗುಂಪುಗಳಲ್ಲಿ ಅಪರೂಪದ ಆನುವಂಶಿಕ ದೋಷಗಳು ಹೆಚ್ಚಾಗಿ ಕಾಣಬಹುದು. ಅದಕ್ಕೆ ಅವರು ಕೊಟ್ಟ ಉದಾಹರಣೆ ಆಂಧ್ರದ ವೈಶ್ಯ ಸಮುದಾಯದ್ದು. ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯುಗಳನ್ನು ಸಡಿಲಿಸಲು ಕೊಡುವ ಸಕ್ಸಿನಿಲ್‌ಕೋಲಿನ್ ಎಂಬ ಮದ್ದಿನ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಅದನ್ನು ಒಡೆಯುವ ಕಿಣ್ವ ಇಲ್ಲದವರಲ್ಲಿ ಉಸಿರಾಟದ ಸ್ನಾಯುಗಳು ಗಂಟೆಗಟ್ಟಲೆ ಸ್ತಬ್ಧವಾಗುತ್ತವೆ, ಆಪರೇಷನ್ ಮುಗಿದ ಮೇಲೂ ರೋಗಿಯನ್ನು ವೆಂಟಿಲೇಟರಿನಲ್ಲೇ ಇಡಬೇಕಾಗುತ್ತದೆ. ಈ ಕೊರತೆ ವೈಶ್ಯರಲ್ಲಿ ಇತರರಿಗಿಂತ ಸುಮಾರು 100 ಪಟ್ಟು ಹೆಚ್ಚು. ಗಮನಿಸಬೇಕಾದದ್ದೇನೆಂದರೆ, ಆಂಧ್ರದ ವೈಶ್ಯರ ಬಗ್ಗೆ ಇದನ್ನು 1979ರಲ್ಲೇ ವರದಿ ಮಾಡಲಾಗಿತ್ತು. ಅದಕ್ಕೆ ಜೀನೋಮ್ ಬೇಕಿರಲಿಲ್ಲ. ರಕ್ತದಲ್ಲಿ ಕಿಣ್ವದ ಮಟ್ಟ ಅಳೆದರೆ ಸಾಕಿತ್ತು.

ಹಾಗಾಗಿ ಮಾದರಿಗಳ ಸಂಖ್ಯೆ ಏರಿದರೆ ನ್ಯಾಯ ತಾನಾಗಿ ಬರುತ್ತದೆ ಎಂಬ ವಾದವನ್ನು ನಾನು ಪೂರ್ತಿ ಒಪ್ಪಲಾರೆ. ಅಶ್ಕೆನಾಜಿಗಳ ಚರಿತ್ರೆಯನ್ನೇ ನೋಡಿ. ಮಕ್ಕಳನ್ನು ಎಳವೆಯಲ್ಲೇ ಬಲಿ ತೆಗೆದುಕೊಳ್ಳುವ ಟೇ-ಸ್ಯಾಕ್ಸ್ ಕಾಯಿಲೆಗೆ ಅವರಲ್ಲಿ ತಪಾಸಣೆ ಶುರುವಾದದ್ದು 1971ರಲ್ಲಿ, ಕಾರಣವಾದ ವಂಶವಾಹಿ ಕೈಗೆ ಸಿಗುವುದಕ್ಕೆ ಎಷ್ಟೋ ವರ್ಷ ಮೊದಲು. ಅಲ್ಲೂ ಕಿಣ್ವದ ಪರೀಕ್ಷೆಯೇ. ಆದರೆ ಪ್ರಾರ್ಥನಾ ಮಂದಿರಗಳೂ ಧರ್ಮಗುರುಗಳೂ ವೈದ್ಯರ ಜೊತೆಗೆ ನಿಂತರು. ಉತ್ತರ ಅಮೆರಿಕದ ಯಹೂದಿಗಳಲ್ಲಿ ಆ ಕಾಯಿಲೆಯ ಮಕ್ಕಳ ಜನನ ಶೇ. 90ಕ್ಕೂ ಹೆಚ್ಚು ತಗ್ಗಿತು.

ಸಮುದಾಯವನ್ನು ಹೊರಗಿಟ್ಟಾಗ ಏನಾಗುತ್ತದೆ ಎಂಬುದಕ್ಕೆ ಅರಿಜೋನಾದ ಹವಸುಪಾಯಿ ಬುಡಕಟ್ಟು ಸಾಕ್ಷಿ. ಮಧುಮೇಹದ ಅಧ್ಯಯನವೆಂದು ನಂಬಿ 1990ರಿಂದ ಅವರು ಕೊಟ್ಟ ರಕ್ತವನ್ನು ಸ್ಕಿಜೋಫ್ರೇನಿಯಾ, ವಲಸೆ ಮೊದಲಾದ ವಿಷಯಗಳ ಸಂಶೋಧನೆಗೂ ಬಳಸಲಾಯಿತು. 2010ರ ರಾಜಿಯಲ್ಲಿ, ಆ ರಕ್ತವನ್ನು ಸಂಗ್ರಹಿಸಿದ್ದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯ 7 ಲಕ್ಷ ಡಾಲರ್ ಪರಿಹಾರ ಕೊಟ್ಟು, ಉಳಿದ ರಕ್ತವನ್ನೂ ಹಿಂದಿರುಗಿಸಿತು.

ನಮ್ಮಲ್ಲಿ ಪ್ರಯತ್ನವಾಗಿಲ್ಲ ಎಂದಲ್ಲ. 2020ರಲ್ಲಿ 20 ಸಂಸ್ಥೆಗಳು ಸೇರಿ ಆರಂಭಿಸಿದ ಜೀನೋಮ್ ಇಂಡಿಯಾ ಯೋಜನೆಯ ಮುಂದಾಳತ್ವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ್ದು. 83 ಸಮುದಾಯಗಳ ಸುಮಾರು 10,000 ಜನರ ಜೀನೋಮ್ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು. ದತ್ತಾಂಶ ಇರುವುದು ಫರಿದಾಬಾದಿನಲ್ಲಿ. ದೇಶದ ಮಾಹಿತಿ ದೇಶದಲ್ಲೇ ಉಳಿದದ್ದು ದೊಡ್ಡ ಹೆಜ್ಜೆ.

ಆದರೆ ಸಂಶೋಧನೆಯಿಂದ ಸಮುದಾಯಕ್ಕೆ ಏನು ಸಿಗುತ್ತದೆ ಎಂಬ ಪ್ರಶ್ನೆ ಉಳಿಯುತ್ತದೆ. ಮಲೆನಾಡಿನಲ್ಲಿ ಅದು ಹಳೆಯದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಸೊಂಟ, ಮೊಣಕಾಲುಗಳ ಕೀಲು ಸವೆದು ನಡೆಯಲಾಗದ ಜನ ಕಂಡರು. ಕೆಲವರ ಬೆಳವಣಿಗೆ ಕುಂಠಿತವಾಗಿತ್ತು. ರೋಗ ಕಂಡದ್ದು ಛಲವಾದಿ ಮತ್ತು ಚನ್ನಂಗಿ ಸಮುದಾಯಗಳ ಕುಟುಂಬಗಳಲ್ಲಿ. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದೇ ಕಾರಣವೆಂಬ ಗುಮಾನಿ ಮೊದಲು ಹುಟ್ಟಿತು. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಇದು ಕುಟುಂಬಗಳಲ್ಲಿ ಹರಿದುಬರುವ ರೋಗವೆಂದು ಬರೆದರು. ತಂದೆ ತಾಯಿಯರಲ್ಲಿ ಒಬ್ಬರಿಂದಲೇ ಬರಬಲ್ಲ ಮೂಳೆಯ ದೋಷವೆಂದು 1994ರಲ್ಲಿ ಎಸ್. ಎಸ್. ಅಗರ್‌ವಾಲ್ ಮತ್ತು ಸಂಗಡಿಗರು ಎಕ್ಸ್‌ರೇಗಳ ಆಧಾರದಲ್ಲಿ ತೀರ್ಮಾನಿಸಿದರು. ವೈದ್ಯಕೀಯ ಸಾಹಿತ್ಯದಲ್ಲಿ ಊರಿನ ಹೆಸರು ರೋಗದ ಹೆಸರಾಗಿ ಉಳಿಯಿತು, ಊರಿಗೆ ಅದರಿಂದ ಮರ್ಯಾದೆಯೇನೂ ಬರಲಿಲ್ಲ.

ಸಂಶೋಧನೆಯ ಲಾಭ ಪಾಲ್ಗೊಂಡ ಸಮುದಾಯಕ್ಕೂ ದೊರೆಯಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಹೇಗೆ ಎಂಬುದಕ್ಕೆ ಸಿದ್ಧ ಉತ್ತರವಿಲ್ಲ. ಟೇ-ಸ್ಯಾಕ್ಸ್‌ಗೆ ಮಕ್ಕಳನ್ನು ಕಳೆದುಕೊಂಡ ರಬ್ಬಿ ಜೋಸೆಫ್ ಎಕ್‌ಸ್ಟೀನ್ ನ್ಯೂಯಾರ್ಕಿನಲ್ಲಿ ಕಟ್ಟಿದ ಡೋರ್ ಯೆಶೋರಿಂ ಸಂಸ್ಥೆ ಪರೀಕ್ಷೆಯ ಫಲಿತಾಂಶವನ್ನು ಯಾರಿಗೂ ಹೇಳುವುದಿಲ್ಲ. ಒಂದು ಸಂಖ್ಯೆ ಕೊಟ್ಟು, ಸಂಬಂಧ ಕೂಡಿಬಂದಾಗ ಎರಡು ಸಂಖ್ಯೆಗಳು ಹೊಂದುತ್ತವೆಯೇ ಎಂದಷ್ಟೇ ತಿಳಿಸುತ್ತದೆ. ಕಳಂಕ ತಪ್ಪಿಸುವ ಈ ಜಾಣ ಉಪಾಯ ವೈಶ್ಯರಿಗೆ ಒಗ್ಗೀತು, ಅಲ್ಲಿ ದೋಷ ಎರಡೂ ಕಡೆಯಿಂದ ಬಂದರಷ್ಟೇ ತೊಂದರೆ. ಹಂದಿಗೋಡಿನಲ್ಲಿ ಒಬ್ಬರಲ್ಲಿದ್ದರೂ ಪ್ರತಿ ಮಗುವಿಗೆ ಅರ್ಧದಷ್ಟು ಸಾಧ್ಯತೆ, ಮೇಲಾಗಿ ರೋಗ ಕಣ್ಣಿಗೆ ಕಾಣುವಂಥದ್ದು. ಅಲ್ಲಿಗೆ ಗುಟ್ಟಿನ ಸಂಖ್ಯೆಗಿಂತ ಮನೆ ಬಾಗಿಲಲ್ಲಿ ಕೂತು ಕನ್ನಡದಲ್ಲಿ ವಿವರಿಸುವ ಸಲಹೆಗಾರರು, ಕೀಲು ಬದಲಿಸುವ ಶಸ್ತ್ರಚಿಕಿತ್ಸೆಯ ಖರ್ಚು, ಕೂಲಿಗೆ ಹೋಗಲಾಗದವರಿಗೆ ಜೀವನಾಧಾರ ಬೇಕು.